ನೀರಿನ ಲೆಕ್ಕ, ಬೆಂಕಿಯ ಲೆಕ್ಕ

ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಕಣಿವೆಯ ಕಬ್ಬಿಣದ ಕುಲುಮೆಗಳಲ್ಲಿ ತಿದಿ ಒತ್ತುತ್ತಿದ್ದದ್ದು ನೀರುಚಕ್ರ. ಬೇಸಿಗೆಯಲ್ಲಿ ಮೇಲಿನ ಕೆರೆ ಬತ್ತಿದರೆ ಚಕ್ರ ನಿಲ್ಲುತ್ತಿತ್ತು. ಚಕ್ರ ನಿಂತರೆ ತಿದಿಯೂ ನಿಂತು ಕುಲುಮೆ ಆರುತ್ತಿತ್ತು. 1742-43ರ ಹೊತ್ತಿಗೆ ಅಲ್ಲಿನ ಯಜಮಾನ ಎರಡನೆಯ ಏಬ್ರಹಾಂ ಡಾರ್ಬಿ ಒಂದು ನ್ಯೂಕೋಮೆನ್ ಉಗಿಯಂತ್ರ ತಂದು ನಿಲ್ಲಿಸಿದ. ಆ ಯಂತ್ರವನ್ನು ಅವನು ತಿದಿಗೆ ಕಟ್ಟಲಿಲ್ಲ. ಚಕ್ರ ದಾಟಿ ಕೆಳಗೆ ಹರಿದುಹೋದ ನೀರನ್ನು ಮತ್ತೆ ಮೇಲಿನ ಕೆರೆಗೆ ಎತ್ತಿ ಹಾಕುವುದಷ್ಟೇ ಅದರ ಕೆಲಸ. ಅದೇ ನೀರು ಮತ್ತೆ ಬೀಳುತ್ತಿತ್ತು, ಚಕ್ರ ತಿರುಗುತ್ತಿತ್ತು.

ಇಂದು ಓದಿದರೆ ಇದು ಕೈಯನ್ನು ಕತ್ತಿನ ಹಿಂದಿನಿಂದ ತಂದು ಮೂಗು ಹಿಡಿದ ಹಾಗೆ ಕಾಣುತ್ತದೆ. ಆದರೆ ಆಗಿನ ಉಗಿಯಂತ್ರ ಮೇಲೆ ಕೆಳಗೆ ಆಡುತ್ತಿತ್ತೇ ಹೊರತು ಏನನ್ನೂ ನಯವಾಗಿ ತಿರುಗಿಸಲಾರದಿತ್ತು. ತಿರುಗಿಸುವ ವಿದ್ಯೆ ನೀರಿಗೆ ಗೊತ್ತಿತ್ತು. ಜೇಮ್ಸ್ ವ್ಯಾಟ್‌ನ ಸೋಹೋ ಕಾರ್ಖಾನೆಯಲ್ಲೂ 1777ರಲ್ಲಿ ನಿಲ್ಲಿಸಿದ, ‘ಓಲ್ಡ್ ಬೆಸ್’ ಎಂಬ ಅಡ್ಡಹೆಸರಿನ ಯಂತ್ರ ಮಾಡುತ್ತಿದ್ದದ್ದು ಇದನ್ನೇ: ನೀರೆತ್ತಿ ಚಕ್ರದ ಮೇಲೆ ಸುರಿಯುವುದು. ಬೆಂಕಿಯ ಬಲವನ್ನು ನೀರಿನ ಬಲಕ್ಕೆ ಪರಿವರ್ತಿಸುವುದೆಂದರೆ ಆ ಕಾಲಕ್ಕೆ ಕಾಗದದ ಮೇಲಿನ ಲೆಕ್ಕವಲ್ಲ, ಕಲ್ಲಿದ್ದಲು ಸುಟ್ಟು ಕೆರೆ ತುಂಬಿಸುವ ಕೆಲಸ.

ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಯ ಪುಸ್ತಕದ ಕೊನೆಯ ಪುಟದಲ್ಲಿ ಅದು ಒಂದೇ ಸಾಲು. ಒಂದು ಅಶ್ವಶಕ್ತಿ ಅಂದರೆ ಗಂಟೆಗೆ 2,545 ಬಿಟಿಯು, ಅಥವಾ 746 ವ್ಯಾಟ್. ಈ ಸಾಲಿನ ನಡುವೆ ಇರುವ ಸಮಚಿಹ್ನೆ ಡಾರ್ಬಿಯ ಕಾಲದಿಂದ ಎಣಿಸಿದರೆ ಹುಟ್ಟಲು ನೂರು ವರ್ಷ ತೆಗೆದುಕೊಂಡಿತು. ಹುಟ್ಟಿದ ಕೆಲವೇ ವರ್ಷಗಳಲ್ಲಿ, ಅದು ಹೇಳುವುದು ಅರ್ಧ ಸತ್ಯ ಮಾತ್ರ ಎಂದೂ ಗೊತ್ತಾಯಿತು.

ಎರಡರಲ್ಲಿ ನೀರಿನ ಲೆಕ್ಕ ಸುಲಭದ್ದು. ಎಷ್ಟು ಭಾರದ ನೀರು, ಎಷ್ಟು ಎತ್ತರ, ಎಷ್ಟು ಹೊತ್ತಿನಲ್ಲಿ. ಇಷ್ಟು ಗೊತ್ತಾದರೆ ಸಾಕು. ನಮ್ಮ ಕಪಿಲೆ ಬಾವಿಯ ರೈತನೂ ಬಾವಿಯ ಆಳ, ಬಾನೆಯ ಗಾತ್ರ, ಹೊತ್ತೇರುವ ಮೊದಲು ಎತ್ತುಗಳು ಎಷ್ಟು ಸಲ ಇಳಿಜಾರು ಇಳಿದಾವು ಎಂದು ನೋಡಿಯೇ ಗದ್ದೆಯ ಅಳತೆ ಹಾಕುತ್ತಿದ್ದ. ಜಾನ್ ಸ್ಮೀಟನ್ ಇದೇ ಲೆಕ್ಕವನ್ನು ಪುಟ್ಟ ಮಾದರಿ ಚಕ್ರಗಳ ಮೇಲೆ ಪ್ರಯೋಗಕ್ಕೆ ಹಚ್ಚಿ 1759ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದ. ಮೇಲಿನಿಂದ ನೀರು ತುಂಬಿಕೊಳ್ಳುವ ಚಕ್ರವು ಅಡಿಯಲ್ಲಿ ಹರಿವ ನೀರು ತಳ್ಳುವ ಚಕ್ರಕ್ಕಿಂತ ಸುಮಾರು ಎರಡು ಪಟ್ಟು ಕೆಲಸ ಕೊಡುತ್ತದೆ ಎಂದು ತೋರಿಸಿದ. ಗಮನಿಸಬೇಕಾದದ್ದು ಅವನು ಕೇಳಿದ ಪ್ರಶ್ನೆಯ ರೂಪವನ್ನು: ನೀರಿನಲ್ಲಿ ಇದ್ದದ್ದು ಎಷ್ಟು, ನಮ್ಮ ಕೈಗೆ ಬಂದದ್ದು ಎಷ್ಟು? ನೀರಿನ ವಿಷಯದಲ್ಲಿ ಈ ಪ್ರಶ್ನೆ ಕೇಳಲು ಸಾಧ್ಯವಿತ್ತು, ಏಕೆಂದರೆ ಇದ್ದದ್ದೂ ಬಂದದ್ದೂ ಒಂದೇ ಮಾನದಲ್ಲಿದ್ದವು.

ವ್ಯಾಟ್‌ನ ಕುದುರೆಯೂ ನೀರಿನ ಲೆಕ್ಕದ ಮಗುವೇ. ಉಗಿಯಂತ್ರ ಕೊಳ್ಳಲು ಬಂದ ಗಿರಾಕಿ ಕೇಳುತ್ತಿದ್ದದ್ದು, ‘ಇದು ನನ್ನ ಎಷ್ಟು ಕುದುರೆಗಳನ್ನು ಬಿಡಿಸುತ್ತದೆ?’ ಎಂದು. ಗಿರಣಿಯ ಕುದುರೆ 12 ಅಡಿ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 144 ಸುತ್ತು, 180 ಪೌಂಡ್ ಬಲದಿಂದ ಎಳೆಯುತ್ತದೆ ಎಂದು ಹಿಡಿದು ಗುಣಿಸಿ, ಬಂದ ಮೊತ್ತವನ್ನು ಸ್ವಲ್ಪ ಮೇಲಕ್ಕೆತ್ತಿ, ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದಡಿ ಎತ್ತುವುದೇ ಒಂದು ಅಶ್ವಶಕ್ತಿ ಎಂದು 1780ರ ದಶಕದ ಆರಂಭದಲ್ಲಿ ಅವನು ನಿಗದಿ ಮಾಡಿದ. ದಿನವಿಡೀ ಹೀಗೆ ದುಡಿಯುವ ಕುದುರೆ ಅಪರೂಪ. ವ್ಯಾಪಾರಿಯ ಬುದ್ಧಿ ಇಲ್ಲಿ ಕಾಣುತ್ತದೆ: ಕೊಟ್ಟ ಯಂತ್ರ ಹೇಳಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿತೆಂದು ಯಾರೂ ದೂರುವುದಿಲ್ಲ.

ಬೆಂಕಿಯ ಲೆಕ್ಕ ಹೀಗಿರಲಿಲ್ಲ. ಅದರ ಒಂದು ಬದಿಯಲ್ಲಿ ಕಲ್ಲಿದ್ದಲು, ಇನ್ನೊಂದು ಬದಿಯಲ್ಲಿ ನೀರು. ಕಾರ್ನ್‌ವಾಲ್‌ನ ತಾಮ್ರ ಮತ್ತು ತವರದ ಗಣಿಗಳಲ್ಲಿ ಆಳ ಹೆಚ್ಚಿದಂತೆ ನೀರು ಉಕ್ಕುತ್ತಿತ್ತು. ಅಲ್ಲಿ ಕಲ್ಲಿದ್ದಲು ಇಲ್ಲ, ವೇಲ್ಸಿನಿಂದ ಹಡಗಿನಲ್ಲಿ ಬರಬೇಕು. ಹಾಗಾಗಿ ಅಲ್ಲಿನವರಿಗೆ ಒಂದೇ ಚಿಂತೆ: ಒಂದು ಬುಷೆಲ್ ಕಲ್ಲಿದ್ದಲು ಸುಟ್ಟರೆ ಎಷ್ಟು ಪೌಂಡ್ ನೀರು ಒಂದಡಿ ಮೇಲೇರುತ್ತದೆ? ಈ ಸಂಖ್ಯೆಗೆ ಅವರು ಇಟ್ಟ ಹೆಸರು ‘ಡ್ಯೂಟಿ’. ಬುಷೆಲ್ ಅಂದರೆ ನಮ್ಮ ಕೊಳಗದಂತೆ ಅಳೆದು ಹಾಕುವ ಪಾತ್ರೆಯ ಮಾನ. ಕಾರ್ನ್‌ವಾಲ್‌ನಲ್ಲಿ ಅದನ್ನು 94 ಪೌಂಡ್ ಎಂದು ಹಿಡಿಯುತ್ತಿದ್ದರು. ಬೋಲ್ಟನ್ ಮತ್ತು ವ್ಯಾಟ್ ಕಂಪನಿ ತನ್ನ ಗೌರವಧನ ವಸೂಲು ಮಾಡುತ್ತಿದ್ದದ್ದೂ ಈ ಲೆಕ್ಕದ ಮೇಲೆಯೇ: ಹಳೆಯ ನ್ಯೂಕೋಮೆನ್ ಯಂತ್ರಕ್ಕೆ ಹೋಲಿಸಿದರೆ ಉಳಿದ ಇಂಧನದ ಬೆಲೆಯಲ್ಲಿ ಮೂರನೆಯ ಒಂದು ಭಾಗ. ಇದು ಜಗಳಕ್ಕೆ ದಾರಿ ಎಂದು ಬೇರೆ ಹೇಳಬೇಕಿಲ್ಲ. ವ್ಯಾಟ್‌ನ ಹಕ್ಕುಪತ್ರದ ಅವಧಿ ಮುಗಿದ ಮೇಲೆ, 1811ರಿಂದ, ಜೋಯಲ್ ಲೀನ್ ಎಂಬ ಗಣಿ ಮೇಲ್ವಿಚಾರಕ ಪ್ರತಿ ತಿಂಗಳೂ ಯಾವ ಗಣಿಯ ಯಂತ್ರದ ಡ್ಯೂಟಿ ಎಷ್ಟು ಎಂದು ಅಚ್ಚು ಹಾಕಿಸತೊಡಗಿದ. ಯಂತ್ರ ನಡೆಸುವವರ ನಡುವೆ ಅದೊಂದು ಪಂದ್ಯವೇ ಆಯಿತು. ಮೊದಲ ನ್ಯೂಕೋಮೆನ್ ಯಂತ್ರಗಳು ಬುಷೆಲಿಗೆ 50-60 ಲಕ್ಷ ಪೌಂಡ್ ಎತ್ತುತ್ತಿದ್ದವು. ವ್ಯಾಟ್‌ನವು 2 ಕೋಟಿ ದಾಟಿದವು. 1835ರಲ್ಲಿ ಫೋವಿ ಕಾನ್ಸೋಲ್ಸ್ ಗಣಿಯ ಒಂದು ಯಂತ್ರ ಪರೀಕ್ಷೆಯ ದಿನ 12.5 ಕೋಟಿ ಮುಟ್ಟಿತು.

ಅಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿತ್ತು: ಈ ಓಟಕ್ಕೆ ಗುರಿಗೆರೆ ಎಲ್ಲಿದೆ? ಸ್ಮೀಟನ್ ನೀರಿನ ಬಗ್ಗೆ ಕೇಳಿದ್ದನ್ನು ಕಲ್ಲಿದ್ದಲಿನ ಬಗ್ಗೆ ಕೇಳಲು ಭಾಷೆಯೇ ಇರಲಿಲ್ಲ. ನಮಗೆ ಈಗ ಗೊತ್ತು, ಒಳ್ಳೆಯ ಕಲ್ಲಿದ್ದಲಿನ ಆ 94 ಪೌಂಡುಗಳಲ್ಲಿ ಸರಿಸುಮಾರು 95 ಕೋಟಿ ಅಡಿ-ಪೌಂಡುಗಳಿವೆ. ಅಂದರೆ ನ್ಯೂಕೋಮೆನ್ ಯಂತ್ರಕ್ಕೆ ದಕ್ಕುತ್ತಿದ್ದದ್ದು ನೂರರಲ್ಲಿ ಒಂದೂ ಅಲ್ಲ. ದಾಖಲೆ ಮುರಿದ ಯಂತ್ರಕ್ಕೂ ದಕ್ಕಿದ್ದು ನೂರರಲ್ಲಿ ಹದಿಮೂರು. ಅವರಿಗೆ ಇದು ಕಾಣದಿರಲು ಕಾರಣವಿತ್ತು. ಶಾಖವೆಂದರೆ ‘ಕ್ಯಾಲೊರಿಕ್’ ಎಂಬ ತೂಕವಿಲ್ಲದ ದ್ರವ, ಅದು ಬಿಸಿಯಿಂದ ತಣ್ಣನೆಯದಕ್ಕೆ ಹರಿಯುತ್ತದೆ, ಹುಟ್ಟುವುದೂ ಇಲ್ಲ ಸಾಯುವುದೂ ಇಲ್ಲ ಎಂದು ವಿದ್ವಾಂಸರು ನಂಬಿದ್ದರು. ಲವಾಸಿಯೆ ಅದನ್ನು ಮೂಲವಸ್ತುಗಳ ಪಟ್ಟಿಯಲ್ಲೇ ಸೇರಿಸಿದ್ದ. ಕುಲುಮೆಯಿಂದ ಹೊರಟ ಶಾಖವಷ್ಟೂ ತಣ್ಣೀರಿನ ತೊಟ್ಟಿಗೆ ಬಂದು ಸೇರುತ್ತದೆ ಎಂದಾದರೆ, ಶಾಖವನ್ನು ಕೆಲಸಕ್ಕೆ ಬದಲಿಸಿಕೊಳ್ಳುವ ಮಾತೇ ಏಳುವುದಿಲ್ಲ.

ಪ್ಯಾರಿಸಿನ ಸಾದಿ ಕಾರ್ನೊ 1824ರಲ್ಲಿ ಪುಟ್ಟ ಪುಸ್ತಕವೊಂದನ್ನು ಪ್ರಕಟಿಸಿದಾಗ ಅವನಿಗೆ 28 ವರ್ಷ. ಅಪ್ಪ ಲಜಾರ್ ಕಾರ್ನೊ ಯಂತ್ರಗಳ ಬಗ್ಗೆ ಬರೆದವನು, ನೀರುಚಕ್ರಗಳನ್ನು ಬಲ್ಲವನು. ಮಗ ಉಗಿಯಂತ್ರವನ್ನು ನೋಡಿದ್ದು ಅಪ್ಪನ ಕನ್ನಡಕದಿಂದ. ಜಲಪಾತದ ಬಲ ನಿಂತಿರುವುದು ನೀರಿನ ಪ್ರಮಾಣ ಮತ್ತು ಎತ್ತರದ ಮೇಲೆ. ಹಾಗೆಯೇ ಶಾಖದ ಬಲ ನಿಂತಿರುವುದು ಕ್ಯಾಲೊರಿಕ್‌ನ ಪ್ರಮಾಣ ಮತ್ತು ಅದು ‘ಬೀಳುವ’ ಎತ್ತರದ ಮೇಲೆ, ಅಂದರೆ ಬಿಸಿ ಬಾಯ್ಲರಿಗೂ ತಣ್ಣನೆಯ ತೊಟ್ಟಿಗೂ ಇರುವ ಉಷ್ಣತೆಯ ಅಂತರದ ಮೇಲೆ. ಚಕ್ರ ತಿರುಗಿಸಿದ ನೀರು ಖರ್ಚಾಗುವುದಿಲ್ಲ, ಕೆಳಗಿಳಿಯುತ್ತದೆ. ಶಾಖವೂ ಹಾಗೆಯೇ ಎಂದ. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಫಲ ಕೊಟ್ಟ ಉಪಮೆ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. ವಿಚಿತ್ರವೆಂದರೆ ಅದರ ಅರ್ಧ ಭಾಗ ತಪ್ಪು. ಬೀಳುವ ಎತ್ತರ ಮುಖ್ಯ ಎಂಬುದು ಸರಿ. ಶಾಖ ಪೂರ್ತಿ ಉಳಿದುಕೊಳ್ಳುತ್ತದೆ ಎಂಬುದು ತಪ್ಪು.

ಆ ತಪ್ಪು ಅವನಿಗೇ ಹೊಳೆದಿತ್ತು. 1832ರಲ್ಲಿ, 36ರ ವಯಸ್ಸಿಗೆ, ಕಾಲರಾ ಅವನನ್ನು ಕೊಂಡೊಯ್ಯಿತು. ತಮ್ಮ ಇಪ್ಪೊಲಿತ್ ಉಳಿಸಿಟ್ಟಿದ್ದ ಟಿಪ್ಪಣಿಗಳು ಬೆಳಕು ಕಂಡದ್ದು 1878ರಲ್ಲಿ. ಅವುಗಳಲ್ಲಿ ಕಾರ್ನೊ ಕ್ಯಾಲೊರಿಕ್ ಅನ್ನು ಕೈಬಿಟ್ಟಿದ್ದಾನೆ. ಶಾಖವೇ ಕೆಲಸವಾಗಿ ಬದಲಾಗುತ್ತದೆ, ಬದಲಾದಷ್ಟು ನಾಶವಾಗುತ್ತದೆ ಎಂದು ಬರೆದು ವಿನಿಮಯದ ದರವನ್ನೂ ಕೊಟ್ಟಿದ್ದಾನೆ. ಅವನ ಮಾನ ಯಾವುದು ನೋಡಿ: ಒಂದು ಘನ ಮೀಟರ್ ನೀರನ್ನು ಒಂದು ಮೀಟರ್ ಎತ್ತುವುದು. ಅದಕ್ಕೆ 2.70 ಕಿಲೋಕ್ಯಾಲೊರಿ ಶಾಖ ಬೇಕೆಂದು ಅವನ ಲೆಕ್ಕ. ಇಂದಿನ ಲೆಕ್ಕ 2.34. ನೀರು ಮತ್ತು ಬೆಂಕಿಯ ನಡುವಿನ ಮೊದಲ ಪರಿವರ್ತನಾಂಕ ಹೀಗೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಪೆಟ್ಟಿಗೆಯಲ್ಲಿ ಮಲಗಿತ್ತು.

ಅಷ್ಟರಲ್ಲಿ ಬೇರೆಯವರು ಅಲ್ಲಿಗೆ ಬಂದಿದ್ದರು. ಜರ್ಮನಿಯ ವೈದ್ಯ ರಾಬರ್ಟ್ ಮಾಯರ್ 1840ರಲ್ಲಿ ಹಡಗಿನ ಡಾಕ್ಟರಾಗಿ ಜಾವಾಕ್ಕೆ ಹೋದಾಗ ನಾವಿಕರ ಸಿರೆಯ ರಕ್ತ ಎಂದಿಗಿಂತ ಕೆಂಪಾಗಿರುವುದನ್ನು ಕಂಡ. ಸೆಕೆಯ ನಾಡಿನಲ್ಲಿ ದೇಹ ತನ್ನನ್ನು ಬಿಸಿಯಾಗಿಡಲು ಕಡಿಮೆ ಸುಡಬೇಕಲ್ಲವೆ ಎಂದು ಹೊರಟ ಯೋಚನೆ, ಶಾಖ ಮತ್ತು ಕೆಲಸ ಒಂದೇ ಎಂಬಲ್ಲಿಗೆ ಮುಟ್ಟಿತು. 365 ಮೀಟರ್ ಎತ್ತರದಿಂದ ಬೀಳುವ ಭಾರ, ತನ್ನಷ್ಟೇ ತೂಕದ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಬಲ್ಲದು ಎಂದು 1842ರಲ್ಲಿ ಅವನು ಪ್ರಕಟಿಸಿದ. ಯಾರೂ ಕಿವಿಗೊಡಲಿಲ್ಲ. ಮಕ್ಕಳ ಸಾವು, ವಿದ್ವಾಂಸರ ತಾತ್ಸಾರ ಎರಡೂ ಸೇರಿ 1850ರಲ್ಲಿ ಅವನು ಕಿಟಕಿಯಿಂದ ಹಾರಿದ, ಬದುಕಿಕೊಂಡ, ಕೆಲಕಾಲ ಮಾನಸಿಕ ಆಸ್ಪತ್ರೆಯಲ್ಲಿ ಕಳೆದ.

ಜೇಮ್ಸ್ ಜೂಲ್‌ಗೆ ಇದ್ದ ಅನುಕೂಲ ಬೇರೆ. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನ ಬಿಯರ್ ಕಾರ್ಖಾನೆಯ ಮನೆತನ. ಬಿಯರ್ ಮಾಡುವವರ ಪೂರ್ತಿ ಕಸುಬೇ ಉಷ್ಣತಾಮಾಪಕದ ಮೇಲೆ ನಿಂತದ್ದು. ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಹಂಡೆಗಟ್ಟಲೆ ಸರಕು ಹಾಳು. ಡಿಗ್ರಿಯ ಇನ್ನೂರನೆಯ ಒಂದು ಭಾಗವನ್ನು ಓದಬಲ್ಲೆ ಎಂದು ಜೂಲ್ ಹೇಳಿದಾಗ ವಿಶ್ವವಿದ್ಯಾಲಯದವರು ನಂಬದೆ ಇದ್ದದ್ದೂ, ಅವನು ಹೇಳಿದ್ದು ನಿಜವಾಗಿದ್ದದ್ದೂ ಎರಡೂ ಈ ಹಿನ್ನೆಲೆಯಿಂದಲೇ. ಅವನ ಪ್ರಯೋಗ ಗೊತ್ತಿರುವಂಥದ್ದು: ತಾಮ್ರದ ಪಾತ್ರೆಯಲ್ಲಿ ನೀರು, ಅದರೊಳಗೆ ಹುಟ್ಟುಗಳಂಥ ರೆಕ್ಕೆ, ಹೊರಗೆ ಹಗ್ಗದಲ್ಲಿ ತೂಗುವ ಭಾರ. ಭಾರ ಇಳಿದರೆ ರೆಕ್ಕೆ ನೀರನ್ನು ಕಡೆಯುತ್ತದೆ, ನೀರು ಬಿಸಿಯಾಗುತ್ತದೆ. ಡಾರ್ಬಿಯ ಯಂತ್ರದಲ್ಲಿ ಬೆಂಕಿ ನೀರನ್ನು ಎತ್ತುತ್ತಿತ್ತು. ಇಲ್ಲಿ ಬೀಳುವ ಭಾರ ನೀರನ್ನು ಕಾಯಿಸುತ್ತಿತ್ತು. ಇಪ್ಪತ್ತು ಸಲ ಭಾರ ಇಳಿಸಿದರೂ ಏರುತ್ತಿದ್ದದ್ದು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಅದರಿಂದ ಅವನು ತೆಗೆದ ಸಂಖ್ಯೆ 772: ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸುವ ಶಾಖ, 772 ಪೌಂಡ್ ಭಾರ ಒಂದಡಿ ಬೀಳುವುದಕ್ಕೆ ಸಮ. ಇಂದಿನ ಸಂಖ್ಯೆ 778. ಮ್ಯಾಂಚೆಸ್ಟರ್ ಹತ್ತಿರದ ಸೇಲ್ ಎಂಬಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ 772.55 ಎಂದು ಕೆತ್ತಿದೆ.

ಈ ಮಾತು ನಿಜವಾದರೆ ಜಲಪಾತದ ಬುಡದ ನೀರು ನೆತ್ತಿಯ ನೀರಿಗಿಂತ ಬೆಚ್ಚಗಿರಬೇಕು. 160 ಅಡಿ ಬೀಳುವ ನಯಾಗರದಲ್ಲಿ ವ್ಯತ್ಯಾಸ ಒಂದು ಡಿಗ್ರಿ ಫ್ಯಾರನ್‌ಹೀಟಿನ ಐದನೆಯ ಒಂದು ಭಾಗ ಎಂದು ಜೂಲ್ 1845ರಲ್ಲಿ ಬರೆದ. 1847ರಲ್ಲಿ ಮಧುಚಂದ್ರಕ್ಕೆಂದು ಆಲ್ಪ್ಸ್‌ಗೆ ಹೋದವನು ಅಲ್ಲಿನ ಜಲಪಾತಗಳ ಬಳಿ ಉಷ್ಣತಾಮಾಪಕ ಹಿಡಿದು ಓಡಾಡುತ್ತಿದ್ದ ಎಂದು, ಅಲ್ಲೇ ಎದುರಾದ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಆದವನು) ಎಷ್ಟೋ ವರ್ಷಗಳ ನಂತರ ನೆನೆದ. ನೆನಪು ಕತೆಗೆ ಸ್ವಲ್ಪ ಬಣ್ಣ ಹಚ್ಚಿರಬಹುದು. ನೀರು ತುಂತುರಾಗಿ ಚದುರಿ ಅಳೆಯಲು ಆಗಲಿಲ್ಲ ಎಂಬುದಂತೂ ನಂಬುವಂಥದ್ದೇ. ನಮ್ಮ ಜೋಗಕ್ಕೆ ಇದೇ ಲೆಕ್ಕ ಹಾಕಿದರೆ, 830 ಅಡಿಗೆ ಒಂದು ಡಿಗ್ರಿ ಫ್ಯಾರನ್‌ಹೀಟಿಗಿಂತ ತುಸು ಹೆಚ್ಚು, ಸೆಲ್ಸಿಯಸ್‌ನಲ್ಲಿ 0.6. ರಾಜಾ ಧಾರೆಯ ಬುಡಕ್ಕೆ ಇಳಿದವರಿಗೆ ಚಳಿಯಾಗುವುದು ತುಂತುರು ಆವಿಯಾಗುವುದರಿಂದ. ಅಲ್ಲೂ ಜೂಲ್‌ಗೆ ನಿರಾಸೆಯೇ ಕಾದಿರುತ್ತಿತ್ತು.

ಹಾಗಾದರೆ ಸಮಚಿಹ್ನೆ ಸಿದ್ಧವಾಯಿತು. ಇಷ್ಟಾದ ಮೇಲೆ ಥಾಮ್ಸನ್‌ಗೆ ನಿದ್ದೆಗೆಡಿಸಿದ್ದು, ಕಾರ್ನೊ ಹೇಳಿದ್ದೂ ಸರಿ, ಜೂಲ್ ಹೇಳಿದ್ದೂ ಸರಿ ಎಂದರೆ ಹೇಗೆ ಎಂಬುದು. ಇಬ್ಬರನ್ನೂ ಒಂದೇ ಮನೆಯಲ್ಲಿ ಇರಿಸಿದ ಗೌರವ ರುಡಾಲ್ಫ್ ಕ್ಲೌಸಿಯಸ್‌ನದು (1850), ಬೆನ್ನಿಗೇ ಥಾಮ್ಸನ್‌ನದು. ಕೆಲಸ ಶಾಖವಾಗುವಾಗ ಜೂಲ್‌ನ ದರದಲ್ಲಿ ಪೂರ್ತಿ ಮೊತ್ತ ಸಿಗುತ್ತದೆ. ಶಾಖ ಕೆಲಸವಾಗಲು ಹೊರಟರೆ ದಾರಿಯಲ್ಲಿ ಸುಂಕದಕಟ್ಟೆ ಇದೆ. ಒಂದು ಪಾಲು ಮಾತ್ರ ಬದಲಾಗುತ್ತದೆ, ಉಳಿದದ್ದು ಕೆಳಗಿನ ತಣ್ಣನೆಯ ತೊಟ್ಟಿಗೆ ಹೋಗಲೇಬೇಕು. ಸುಂಕ ಎಷ್ಟು ಎಂಬುದು ಕಾರ್ನೊನ ‘ಎತ್ತರ’ವನ್ನು ಅವಲಂಬಿಸಿದೆ. ಯಂತ್ರ ಎಷ್ಟೇ ನಯವಾಗಿರಲಿ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ.

ಈ ಸುಂಕ ಮಾನಗಳ ಪಟ್ಟಿಯೊಳಗೇ ಕಳ್ಳಹೆಜ್ಜೆಯಲ್ಲಿ ಬಂದು ಕುಳಿತ ಪ್ರಸಂಗ ಸ್ವಾರಸ್ಯವಾಗಿದೆ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಬಾಯ್ಲರುಗಳ ಸ್ಪರ್ಧೆ ನಡೆಯಿತು. ಬಾಯ್ಲರ್ ಏನನ್ನೂ ಎಳೆಯುವುದಿಲ್ಲ, ಎತ್ತುವುದಿಲ್ಲ, ಉಗಿ ಮಾಡುತ್ತದೆ ಅಷ್ಟೆ. ಅದನ್ನೂ ಗಿರಾಕಿ ಕೇಳುವುದು ಎಷ್ಟು ಕುದುರೆಯದು ಎಂದೇ. ಆಗಿನ ಒಳ್ಳೆಯ ಯಂತ್ರ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 30 ಪೌಂಡ್ ಉಗಿ ಕುಡಿಯುತ್ತಿತ್ತು. ಅಷ್ಟು ಉಗಿ ಕೊಡುವ ಬಾಯ್ಲರಿಗೆ ‘ಒಂದು ಅಶ್ವಶಕ್ತಿ’ ಎಂದು ಹೆಸರಿಟ್ಟರು. ಆ ಬಾಯ್ಲರ್ ಅಶ್ವಶಕ್ತಿ ಇಂದಿಗೂ ಅಮೆರಿಕದಲ್ಲಿ ಬಳಕೆಯಲ್ಲಿದೆ: ಗಂಟೆಗೆ 33,475 ಬಿಟಿಯು. ನೀರೆತ್ತುವ ಅಶ್ವಶಕ್ತಿ 2,545 ಬಿಟಿಯು. ಒಂದೇ ಹೆಸರಿನ ಎರಡು ಕುದುರೆಗಳು. ಒಂದು ಇನ್ನೊಂದರ ಹದಿಮೂರರಷ್ಟು ಮೇಯುತ್ತದೆ. ಆ ಹದಿಮೂರು, 1876ರ ಸುಂಕದ ರಸೀದಿ. ಯಂತ್ರಗಳು ಆಮೇಲೆ ಎಷ್ಟೋ ಸುಧಾರಿಸಿದವು, ರಸೀದಿ ಮಾತ್ರ ಹಾಗೇ ಉಳಿಯಿತು.

ಮೈಸೂರು ಸಂಸ್ಥಾನದ ಮಟ್ಟಿಗೆ ಈ ಹದಿಮೂರು ಕೇವಲ ಪುಸ್ತಕದ ವಿಷಯವಾಗಿರಲಿಲ್ಲ. ಕೋಲಾರದ ಚಿನ್ನದ ಗಣಿಗಳು ಉಗಿಯ ಮೇಲೆ ನಡೆಯುತ್ತಿದ್ದವು. ಕಾರ್ನ್‌ವಾಲ್‌ನಂತೆಯೇ ಅಲ್ಲೂ ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೇರ್ ಶಿವನಸಮುದ್ರದಲ್ಲಿ ಕಾವೇರಿಯ ಬಲವನ್ನು ವಿದ್ಯುತ್ತಾಗಿಸಿ, 147 ಕಿಲೋಮೀಟರ್ ದೂರ ತಂತಿ ಎಳೆದು, ಗಣಿ ಕಂಪನಿಗಳಿಗೆ ವರ್ಷಕ್ಕೆ ಅಶ್ವಶಕ್ತಿಗೆ ಇಷ್ಟು ಎಂದು ಮಾರುವ ಯೋಜನೆ ಹಾಕಿದರು. 1902ರ ಜೂನ್ 30ರಂದು ವಿದ್ಯುತ್ ಹರಿಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಉಳಿದಿರಲಿಲ್ಲ.

ಮೊದಲ ಹಂತದ ಸುಮಾರು 4,000 ಅಶ್ವಶಕ್ತಿಯನ್ನು ಎರಡೂ ಲೆಕ್ಕದಲ್ಲಿ ಇಟ್ಟು ನೋಡೋಣ. ನೀರಿನ ಸೂತ್ರ ಸರಳ: ಕ್ಯೂಸೆಕ್ ಅನ್ನು ಅಡಿಯಿಂದ ಗುಣಿಸಿ 8.8ರಿಂದ ಭಾಗಿಸಿದರೆ ಅಶ್ವಶಕ್ತಿ. ಶಿವನಸಮುದ್ರದ ಬೀಳು ಸುಮಾರು 400 ಅಡಿ, ಹಾಗಾಗಿ ಒಂದು ಕ್ಯೂಸೆಕ್‌ಗೆ 45 ಅಶ್ವಶಕ್ತಿ. 4,000ಕ್ಕೆ 90 ಕ್ಯೂಸೆಕ್ ಸಾಕು. ಟರ್ಬೈನು, ತಂತಿ, ಮೋಟರುಗಳ ನಷ್ಟ ಸೇರಿಸಿದರೂ ಒಂದೂವರೆ ನೂರು. ಪತ್ರಿಕೆಯಲ್ಲಿ ಕೆಆರ್‌ಎಸ್ ಹೊರಹರಿವಿನ ಅಂಕಿ ನೋಡುವವರಿಗೆ ಇದು ಎಷ್ಟು ಸಣ್ಣದೆಂದು ಗೊತ್ತು. ಬೆಂಕಿಯ ಲೆಕ್ಕಕ್ಕೆ ಬನ್ನಿ. ಪುಸ್ತಕದ ಕೊನೆಯ ಪುಟ ನಂಬಿ 2,545ರಿಂದ ಗುಣಿಸಿದರೆ, ಪೌಂಡಿಗೆ 12,000 ಬಿಟಿಯು ಕೊಡುವ ಕಲ್ಲಿದ್ದಲು ದಿನಕ್ಕೆ 9 ಟನ್ ಸಾಕು ಎನಿಸುತ್ತದೆ. ಬಾಯ್ಲರ್ ಕುದುರೆಯ 33,475ರಿಂದ ಗುಣಿಸಿದರೆ ದಿನಕ್ಕೆ 120 ಟನ್. ಮೊದಲ ಲೆಕ್ಕ ಹಾಕಿದ ದಿವಾನ ಯೋಜನೆಯನ್ನೇ ಕೈಬಿಡುತ್ತಿದ್ದ. ಕಾವೇರಿ ಗೆದ್ದದ್ದು ಎರಡನೆಯ ಲೆಕ್ಕದಲ್ಲಿ.

ಸುಂಕದಕಟ್ಟೆಯನ್ನು ಹಿಂದಿನಿಂದ ದಾಟಿದರೆ ಲಾಭ ಎಂಬುದೂ ಇದೇ ಕತೆಯ ಭಾಗ. ಮನೆಯ ಎಸಿಯನ್ನು ‘ಒಂದೂವರೆ ಟನ್’ ಎನ್ನುತ್ತೇವೆ. ಅದು ಯಂತ್ರದ ತೂಕವಲ್ಲ. ಒಂದು ಅಮೆರಿಕನ್ ಟನ್, ಅಂದರೆ 2,000 ಪೌಂಡ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುತ್ತಾ ಹೀರುವ ಶಾಖ. ಗಂಟೆಗೆ 12,000 ಬಿಟಿಯು, ಅಥವಾ 3.5 ಕಿಲೋವ್ಯಾಟ್. ಒಂದೂವರೆ ಟನ್ನಿನ ಎಸಿ ಐದು ಕಿಲೋವ್ಯಾಟಿಗೂ ಹೆಚ್ಚು ಶಾಖವನ್ನು ಹೊರಗೆ ಹಾಕುತ್ತದೆ, ಮೀಟರಿನಲ್ಲಿ ತೆಗೆದುಕೊಳ್ಳುವುದು ಒಂದೂವರೆ ಕಿಲೋವ್ಯಾಟ್ ಆಸುಪಾಸು. ಇದರಲ್ಲಿ ಮೋಸವಿಲ್ಲ. ಅದು ಶಾಖವನ್ನು ತಯಾರಿಸುತ್ತಿಲ್ಲ, ಕಪಿಲೆಯಂತೆ ತಗ್ಗಿನಿಂದ ದಿಬ್ಬಕ್ಕೆ ಎತ್ತುತ್ತಿದೆ. ಎತ್ತರ ಸಣ್ಣದು, ಹೊರಗಿನ ಸೆಕೆಗೂ ಒಳಗಿನ ತಂಪಿಗೂ ಇರುವ ಅಂತರದಷ್ಟು, ಹಾಗಾಗಿ ಎತ್ತುವ ಖರ್ಚೂ ಸಣ್ಣದು. ಕಾರ್ನೊನ ಜಲಪಾತ ಹಿಮ್ಮುಖವಾಗಿ ಹರಿಯುತ್ತಿರುವುದು ನಮ್ಮ ಕಿಟಕಿಯ ಹೊರಗೆ.

1948ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಶಾಖಕ್ಕೂ ಜೂಲನ್ನೇ ಮಾನವಾಗಿ ಒಪ್ಪಿತು. ಹೆಸರಿನ ಮಟ್ಟಿಗೆ ಎರಡು ಲೆಕ್ಕಪುಸ್ತಕಗಳು ಒಂದಾದವು. ಹಾಗೆಂದು ಜಗಳ ಮುಗಿದಿಲ್ಲ. ಒಂದು ದೇಶ ವರ್ಷಕ್ಕೆ ಎಷ್ಟು ಶಕ್ತಿ ಬಳಸಿತು ಎಂದು ಕೂಡಿಸುವಾಗ ಜಲವಿದ್ಯುತ್ತನ್ನು ಹೇಗೆ ಬರೆಯಬೇಕು? ಬಂದ ವಿದ್ಯುತ್ತನ್ನು ಇದ್ದಷ್ಟೇ ಬರೆಯಿರಿ ಎನ್ನುತ್ತದೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆ. ಅಷ್ಟು ವಿದ್ಯುತ್ತಿಗೆ ಎಷ್ಟು ಇಂಧನ ಸುಡಬೇಕಾಗಿತ್ತೋ ಅಷ್ಟನ್ನು ಬರೆಯಬೇಕು ಎಂಬುದು ಬಿಪಿ ಕಂಪನಿಯ ವಾರ್ಷಿಕ ಅಂಕಿಅಂಶಗಳು ಬಹುಕಾಲ ಹಿಡಿದ ದಾರಿ. ಅದರಲ್ಲಿ ನದಿಯ ಪಾಲು ಎರಡೂವರೆ ಪಟ್ಟು ಉಬ್ಬುತ್ತದೆ. ಅಂತರರಾಷ್ಟ್ರೀಯ ಸಂಸ್ಥೆಯ ಪುಸ್ತಕದಲ್ಲೂ ಒಂದು ತಮಾಷೆ ಇದೆ. ಅಣುಸ್ಥಾವರದಲ್ಲಿ ಮೊದಲು ಹುಟ್ಟುವುದು ಶಾಖವಾದ್ದರಿಂದ, ಅದರ ವಿದ್ಯುತ್ತನ್ನು ನೂರಕ್ಕೆ 33ರ ದಕ್ಷತೆ ಎಂದು ಹಿಡಿದು ಹಿಂದಕ್ಕೆ ಶಾಖಕ್ಕೆ ತಿರುಗಿಸಿ ಬರೆಯುತ್ತಾರೆ. ನದಿಗೆ ಅಂಥ ಹಿಂದಿನ ಜನ್ಮವಿಲ್ಲ. ಹಾಗಾಗಿ ಕೈಗಾದಿಂದ ಹೊರಟ ಒಂದು ಯೂನಿಟ್ಟೂ ಶರಾವತಿಯಿಂದ ಹೊರಟ ಒಂದು ಯೂನಿಟ್ಟೂ ಒಂದೇ ತಂತಿಯ ಜಾಲ ಸೇರಿ ಒಂದೇ ದರಕ್ಕೆ ನಮ್ಮ ಮನೆಗೆ ಬಂದರೂ, ದೇಶದ ಲೆಕ್ಕದಲ್ಲಿ ಕೈಗಾದ್ದು ಮೂರಾಗಿಯೂ ಶರಾವತಿಯದು ಒಂದಾಗಿಯೂ ದಾಖಲಾಗುತ್ತದೆ.